ಉಮಕ್ಕ ಕೂಡಿಸದ ಸಂಬಂಧ

ಮುಂಬೈ ಹೊರವಲಯದ ಡೊಂಬಿವಲಿ ಪೂರ್ವದ ಉಮಾವತಿಯನ್ನು ಉಮಾವತಿ ಎಂದು ಕರೆಯುವವರು ಬ್ಯಾಂಕಿನವರು ಮಾತ್ರ. ಠಾಣೆಯಿಂದ ಕಲ್ಯಾಣದವರೆಗೆ, ಈಚೆ ಐರೋಲಿಯಿಂದ ಪನ್ವೇಲಿನವರೆಗೆ, ಉಡುಪಿ ಮಂಗಳೂರಿನ ಕಡೆಯವರ ಯಾವ ಮನೆಯಲ್ಲಿ ಮದುವೆಗೆ ಬಂದ ಮಕ್ಕಳಿದ್ದಾರೋ ಆ ಮನೆಗಳಿಗೆಲ್ಲ ಅವಳು ಉಮಕ್ಕ. ಗಂಡ ಇಲ್ಲೇ ಸ್ಟೇಶನ್ ಬದಿಯ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿದ್ದವರು, ತೀರಿಹೋಗಿ ಬಹಳ ಕಾಲವಾಯಿತು. ಆಮೇಲೆ ಮನೆಯಲ್ಲಿ ಒಬ್ಬಳೇ ಕೂತು ಟೀವಿ ನೋಡುವ ಜಾತಿಯ ಹೆಂಗಸಲ್ಲ ಅವಳು. ಹೆಗಲಿಗೊಂದು ಚೀಲ ಹಾಕಿಕೊಂಡು ಲೋಕಲ್ ಹತ್ತಿದಳೆಂದರೆ, ಲೇಡೀಸ್ ಡಬ್ಬಿಯಲ್ಲಿ ಸೀಟು ಸಿಗುವಷ್ಟರಲ್ಲಿ ಎಲ್ಲಿಂದಲೋ ಒಂದು ಸಂಬಂಧದ ಸುದ್ದಿ ಸಿಕ್ಕಿರುತ್ತಿತ್ತು.

ಗಂಡು ಹೆಣ್ಣು ಕೂಡಿಸುವುದು ಅವಳ ಕಸುಬಲ್ಲ, ಚಟ. ಅದಕ್ಕೆ ಯಾರಿಂದಲೂ ಒಂದು ಪೈಸೆ ಮುಟ್ಟಿದವಳಲ್ಲ. ಮದುವೆಯ ದಿನ ಸೀರೆ ಕೊಟ್ಟರೆ ಬೇಡ ಎನ್ನುತ್ತಿರಲಿಲ್ಲ. ಬಣ್ಣ ಹಿಡಿಸದಿದ್ದರೆ ಅದನ್ನೂ ಮುಖಕ್ಕೆ ಹೇಳಿಬಿಡುತ್ತಿದ್ದಳು. ಅವಳು ಕೂಡಿಸಿದ ಜೋಡಿಗಳ ಮಕ್ಕಳೇ ಈಗ ಕಾಲೇಜಿಗೆ ಹೋಗುತ್ತಿದ್ದಾರೆ. ಕೆಲವು ಜೋಡಿಗಳು ಜಗಳವಾಡಿಕೊಂಡು ಉಮಕ್ಕನಿಗೇ ಫೋನು ಮಾಡಿ ಬೈಯುವುದೂ ಉಂಟು. ಅವಳು ಬೈಗುಳವನ್ನೂ ಸೀರೆಯ ಹಾಗೆಯೇ ತೆಗೆದುಕೊಳ್ಳುತ್ತಿದ್ದಳು.

ಅವಳ ಕೆಲಸಕ್ಕೆ ಒಂದು ಕ್ರಮವಿತ್ತು. ಹೊಸಬರು ಯಾರೇ ಬರಲಿ, ಮೊದಲು ಎರಡು ಪ್ರಶ್ನೆ: "ಇಲ್ಲ್ ಒಲ್ಪ? ಬರಿ ಓವು?" ಊರಿನಲ್ಲಿ ಮನೆ ಎಲ್ಲಿ, ಬರಿ ಯಾವುದು. ತುಳುವರಲ್ಲಿ ಬರಿ ಎಂದರೆ ತಾಯಿಯಿಂದ ಮಕ್ಕಳಿಗೆ ಇಳಿದು ಬರುವ ಕುಲದ ಹೆಸರು. ಒಂದೇ ಬರಿಯ ಹುಡುಗ ಹುಡುಗಿ ಅಣ್ಣ ತಂಗಿಯ ಲೆಕ್ಕ, ಅವರಿಗೆ ಮದುವೆಯಿಲ್ಲ. ಹಾಗಾಗಿ ಬರಿ ಕೇಳದೆ ಫೋಟೋ ತೋರಿಸುವುದಿಲ್ಲ. ಆದರೆ ಉಮಕ್ಕ ಆ ಎರಡು ಉತ್ತರಗಳಿಂದ ಅದಕ್ಕಿಂತ ಹೆಚ್ಚಿನದನ್ನು ತೂಗುತ್ತಿದ್ದಳು. ಮನೆಯ ಹೆಸರು ಹೇಳಿದ ಕೂಡಲೇ ಆ ಮನೆಯ ಯಾರಾದರೊಬ್ಬರು ಅವಳಿಗೆ ನೆನಪಾಗುತ್ತಿದ್ದರು. ಬರಿಯೂ ತಾಳೆಯಾಯಿತೆಂದರೆ ಬಂದವನು ನಮ್ಮವನೇ, ಒಳಗೆ ಕರೆದು ಚಾ ಕೊಡಬಹುದು. ಈ ಪರೀಕ್ಷೆಯಲ್ಲಿ ಅವಳು ಯಾವತ್ತೂ ಮೋಸ ಹೋಗಿರಲಿಲ್ಲ.

ಮೊದಲು ಜಾತಕಗಳೆಲ್ಲ ಚೀಲದಲ್ಲಿರುತ್ತಿದ್ದವು. ಕೊರೋನಾದ ಸಮಯದಲ್ಲಿ ತುಳುವರ ಸಂಘದ ಹುಡುಗರು ಅವಳಿಗೆ ದೊಡ್ಡ ಫೋನು ಹಿಡಿಯಲು ಕಲಿಸಿದರು. ಒಂದು ಫೋಲ್ಡರ್ ಮಾಡಿಕೊಟ್ಟರು. ಹುಡುಗಿಯ ಫೋಟೋ, ಹುಟ್ಟಿದ ದಿನ, ಗಳಿಗೆ, ನಕ್ಷತ್ರ, ತಾಯಿಯ ಮನೆ, ಆಫೀಸು, ಫ್ಲ್ಯಾಟಿನ ನಂಬರು, ಫೋನಿನ ನಂಬರು, ಎಲ್ಲ ಅದರಲ್ಲಿ. ಉಮಕ್ಕ ತನ್ನ ಲೆಕ್ಕಕ್ಕೆಂದು ಪ್ರತಿಯೊಬ್ಬರ ಕೆಳಗೆ ಎರಡು ಮಾತು ಬೇರೆ ಸೇರಿಸುತ್ತಿದ್ದಳು. ಒಬ್ಬಳಿಗೆ "ಬಣ್ಣ ಕಡಿಮೆ, ಗುಣ ಬಹಳ", ಇನ್ನೊಬ್ಬನಿಗೆ "ತಾಯಿ ಜೋರು". ಬೆರಳಿನಲ್ಲಿ ಒತ್ತಿದರೆ ಇಡೀ ಸಮಾಜ ಅಂಗೈಯಲ್ಲಿ ಬಂದು ಕೂರುತ್ತಿತ್ತು. ಅವಳಿಗೆ ಅದರ ಹೆಮ್ಮೆ ಸ್ವಲ್ಪವಲ್ಲ.

ಹೆಮ್ಮೆಯನ್ನು ಇಳಿಸಲು ಮಗಳು ಅಶ್ಮಿತಾ ಇದ್ದಳು. ಊರಿಗೆಲ್ಲ ಜಾತಕ ನೋಡಿದ ಉಮಕ್ಕನ ಮಗಳು ಜಾತಕವೂ ಇಲ್ಲದೆ ಬರಿಯೂ ಇಲ್ಲದೆ ಆಫೀಸಿನ ಮರಾಠಿ ಹುಡುಗನೊಬ್ಬನನ್ನು ಮದುವೆಯಾಗಿ ಠಾಣೆಯಲ್ಲಿ ಸುಖವಾಗಿದ್ದಳು. ಈ ವಿಷಯದಲ್ಲಿ ಉಮಕ್ಕನನ್ನು ಕೆಣಕದವರಿಲ್ಲ. ಅಶ್ಮಿತಾಗೆ ಕೆಲಸ ಒಂದು ದೊಡ್ಡ ಕಂಪನಿಯಲ್ಲಿ. ಕಂಪ್ಯೂಟರಿಗೆ ಕಳ್ಳರು ನುಗ್ಗದ ಹಾಗೆ ನೋಡಿಕೊಳ್ಳುವುದು. ತಾಯಿ ತುಳುವಿನಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರ ಕೊಡುವುದು ಚಿಕ್ಕಂದಿನ ಅಭ್ಯಾಸ. ಬಂದಾಗಲೆಲ್ಲ ಒಂದೇ ಪಾಠ: "ಮಮ್ಮಿ, ಓಟಿಪಿ ಕಿಸೀಕೋ ನಹೀ ದೇನಾ." ಉಮಕ್ಕ ಕೊಡುತ್ತಲೂ ಇರಲಿಲ್ಲ. ಬ್ಯಾಂಕಿನಿಂದ ಎಂದು ಯಾರಾದರೂ ಕರೆ ಮಾಡಿದರೆ ಮುಂಬೈ ಹಿಂದಿಯಲ್ಲಿ ಅವನ ಏಳು ತಲೆಮಾರನ್ನು ತೊಳೆದು ಇಡುತ್ತಿದ್ದಳು.

ಇಷ್ಟೆಲ್ಲ ಮದುವೆ ಮಾಡಿಸಿದವಳಿಗೆ ಒಂದು ಮದುವೆ ಮಾತ್ರ ಕೈಗೂಡಿರಲಿಲ್ಲ. ಅದು ಸುಜನನದು. ಸುಜನ್ ಶಹಾಡ್ ಸ್ಟೇಶನ್ನಿನ ಹತ್ತಿರ ಒಂದು ಹೋಟೆಲಿನ ಗಲ್ಲೆಯ ಮೇಲೆ ಕೂರುವವನು. ಸುತ್ತಲಿನ ಕಾರ್ಖಾನೆಯವರೆಲ್ಲ ಅಲ್ಲಿಗೇ ಊಟಕ್ಕೆ ಬರುವುದು. ವಯಸ್ಸು ನಲವತ್ತರ ಬಾಗಿಲಿಗೆ ಬಂದಿತ್ತು. ಕುಡಿತವಿಲ್ಲ, ಗುಟ್ಕಾ ಇಲ್ಲ, ತಾಯಿ ಗುಲಾಬಿಯನ್ನು ದೇವರ ಹಾಗೆ ನೋಡಿಕೊಳ್ಳುತ್ತಾನೆ. ಗಿರಾಕಿಗಳೊಡನೆ ಹಿಂದಿ ಮರಾಠಿ ಸಲೀಸು. ಆದರೆ ಹೆಣ್ಣು ನೋಡಲು ಹೋದಲ್ಲಿ, ಹುಡುಗಿ ಎದುರು ಬಂದು ಕೂತಳೆಂದರೆ, ಅವನ ಮಾತು ಗಂಟಲಲ್ಲೇ ನಿಂತುಬಿಡುತ್ತಿತ್ತು. ಹೆಸರು ಹೇಳಲು ಹೋಗಿ ಸುಸು ಎನ್ನುತ್ತಾ ಬೆವರುತ್ತಿದ್ದ. ಒಳಗಿನಿಂದ ಯಾರೋ ಕಿಸಕ್ಕನೆ ನಗುತ್ತಿದ್ದರು. ಕೆಲವು ಕಡೆ ಹೀಗಾದ ಮೇಲೆ ಇನ್ನು ಎಲ್ಲಿಗೂ ಬರುವುದಿಲ್ಲ ಎಂದುಬಿಟ್ಟ.

ಗುಲಾಬಿ ಉಮಕ್ಕನ ಕೈ ಹಿಡಿದುಕೊಂಡು ಹೇಳಿದ್ದಳು: "ಚಂದ ಬೇಡ, ಕಲಿತವಳು ಬೇಡ. ಅವನು ಮಾತು ಮುಗಿಸುವವರೆಗೆ ಕಾಯುವ ಒಬ್ಬಳು ಸಾಕು ಉಮಕ್ಕ."

"ಅವನಿಗೊಂದು ಹುಡುಗಿ ಹುಡುಕದೆ ನಾನು ಈ ಕೆಲಸ ಬಿಡುವುದಿಲ್ಲ," ಎಂದು ಉಮಕ್ಕ ಮಾತು ಕೊಟ್ಟಿದ್ದಳು. ಅವನ ಜಾತಕದ ಕೆಳಗೆ ಪ್ರೀತಿಯಿಂದ ಬರೆದಳು: "ಹುಡುಗ ಅಪ್ಪಟ ಚಿನ್ನ. ಮಾತು ಮಾತ್ರ ಸ್ವಲ್ಪ ತಡೆಯುತ್ತದೆ. ಅದಕ್ಕೇ ಒಳಗೊಳಗೆ ಕೊರಗುತ್ತಾನೆ. ಸಮಾಧಾನದ ಹುಡುಗಿ ಆಗಬೇಕು."

ಹೀಗಿರುವಾಗ ಒಂದು ಬೆಳಿಗ್ಗೆ ಪೃಥ್ವಿರಾಜ್ ಎನ್ನುವವನ ಫೋನು ಬಂತು. ಎಷ್ಟು ಚಂದದ ತುಳು! ಮುಂಬೈಯ ಕಲಬೆರಕೆ ತುಳುವಲ್ಲ, ಊರಿನ ಹಿರಿಯರ ಬಾಯಿಯ ತುಳು. ಉಮಕ್ಕ ಬಿಡುತ್ತಾಳೆಯೇ, ತನ್ನ ಎರಡು ಪ್ರಶ್ನೆ ಎಸೆದಳು. ಅವನು ನಡಿಬೆಟ್ಟು ಮನೆ ಎಂದ, ಬಂಗೇರ ಬರಿ ಎಂದ. ನಡಿಬೆಟ್ಟಿನವರದು ಬಂಗೇರ ಬರಿ ಹೌದೇ ಹೌದು. ಆ ಮನೆಯಿಂದ ಡೊಂಬಿವಲಿಗೆ ಬಂದ ಮುರಾರಿಯಣ್ಣ ಅವಳ ಗಂಡನ ಜೊತೆ ಕೆಲಸ ಮಾಡಿದವರು. "ಮುರಾರಿ ಮಾವ ನಮ್ಮ ಅಮ್ಮನ ಅಣ್ಣ ಅಲ್ವಾ," ಎಂದು ಅವನೇ ಹೇಳಿದ. ಉಮಕ್ಕನಿಗೆ ಇನ್ನೇನು ಬೇಕು?

ಊರಿನಲ್ಲಿ ನಾಲ್ಕೈದು ಹುಡುಗರು ಸೇರಿ ಸಮಾಜಸೇವೆ ಎಂದು ಒಂದು ಕೆಲಸ ಶುರು ಮಾಡಿದ್ದೇವೆ, ಕಂಪ್ಯೂಟರಿನಲ್ಲಿ ಜಾತಕ ಹೊಂದಿಸಿ ಕೊಡುತ್ತೇವೆ, ವಯಸ್ಸು ಮೀರಿದ ಹುಡುಗರಿಗೆ ಊರಿನ ಬಡ ಹೆಣ್ಣುಮಕ್ಕಳನ್ನು ನೋಡುತ್ತೇವೆ ಎಂದೆಲ್ಲ ಅವನು ವಿವರಿಸಿದ. ಉಮಕ್ಕನ ಕಣ್ಣೆದುರು ಬಂದದ್ದು ಸುಜನ್. ಓಟಿಪಿ ಕೇಳಲಿಲ್ಲ, ಬ್ಯಾಂಕಿನ ಹೆಸರೆತ್ತಲಿಲ್ಲ, ದುಡ್ಡಿನ ಮಾತೇ ಇಲ್ಲ. ಅವನು ಕೇಳಿದ್ದು ಜಾತಕ. ಜಾತಕ ಇರುವುದೇ ಕೊಡುವುದಕ್ಕೆ. ಅವನು ಹೇಳಿಕೊಟ್ಟ ಹಾಗೆ ಒಂದೊಂದೇ ಒತ್ತಿ, ಇಡೀ ಫೋಲ್ಡರನ್ನು ಅವನಿಗೆ ಕಳಿಸಿದಳು. "ದೇವರು ಒಳ್ಳೆಯದು ಮಾಡಲಿ ಮಗ," ಎಂದೂ ಹರಸಿದಳು.

ಆಮೇಲೆ ಅವನ ಸುದ್ದಿಯಿಲ್ಲ. ಊರಿನವರು ಎಲ್ಲವನ್ನೂ ನಿಧಾನವಾಗಿಯೇ ಮಾಡುವುದು ಎಂದುಕೊಂಡು ಉಮಕ್ಕ ತನ್ನ ತಿರುಗಾಟದಲ್ಲಿ ಅದನ್ನು ಮರೆತಳು. ಆ ನಡುವೆ ನೆರೂಳದ ಮುಂಡಪ್ಪಣ್ಣನ ಮಗಳು ನಿಕಿತಾಗೆ ಠಾಣೆಯ ರಂಜನ್ ಎಂಬ ಹುಡುಗನನ್ನು ಹೊಂದಿಸಿದಳು. ಒಳ್ಳೆಯ ಜೋಡಿ. ನಿಶ್ಚಿತಾರ್ಥದ ದಿನವೂ ಗೊತ್ತಾಯಿತು.

ಮಳೆಗಾಲ ಮುಗಿದ ಮೇಲಿನ ಒಂದು ಭಾನುವಾರ ಉಮಕ್ಕ ಕೋಪರಖೈರಣೆಯಲ್ಲಿ ಒಬ್ಬರ ಮನೆಯಲ್ಲಿ ಕೂತಿದ್ದಾಗ ಮುಂಡಪ್ಪಣ್ಣನ ಫೋನು ಬಂತು. ಯಾವತ್ತೂ ಏರಿಸದ ದನಿಯನ್ನು ಏರಿಸಿದ್ದರು.

"ಉಮಕ್ಕ, ಎಂತ ಇದು? ಶಹಾಡಿನಿಂದ ತಾಯಿ ಮಗ ಬಂದು ಕೂತಿದ್ದಾರೆ. ಹೂವು ಹಣ್ಣು ತಂದಿದ್ದಾರೆ. ನಿಕಿತಾಳನ್ನು ಕೇಳ್ಲಿಕ್ಕೆ ಬಂದದ್ದಂತೆ. ನೀವು ಕಳಿಸಿದ್ದಾ?"

ಲೋಕಲ್ ಹಿಡಿದು ನೆರೂಳ ಮುಟ್ಟುವವರೆಗೆ ಉಮಕ್ಕನ ಮನಸ್ಸು ಗುಲಾಬಿಯನ್ನು ಬೈಯುತ್ತಲೇ ಇತ್ತು. ಬುದ್ಧಿ ಕೆಟ್ಟಿದೆಯೇ ಇವಳಿಗೆ, ಮುಂಡಪ್ಪಣ್ಣನ ಮನೆಗೆ, ನಿಶ್ಚಯವಾದ ಹುಡುಗಿಯನ್ನು ಕೇಳಲು! ಮೆಟ್ಟಿಲು ಹತ್ತಿ ಒಳಗೆ ಕಾಲಿಟ್ಟವಳಿಗೆ ಬೈಯಲು ಬಾಯಿ ಬರಲಿಲ್ಲ. ಸುಜನ್ ಇಸ್ತ್ರಿ ಮಾಡಿದ ಹೊಸ ಅಂಗಿ ಹಾಕಿ ಸೋಫಾದ ತುದಿಯಲ್ಲಿ ಕೂತಿದ್ದ. ಗುಲಾಬಿ ಮದುವೆಯ ಸೀರೆ ಉಟ್ಟು ಬಂದಿದ್ದಳು. ಟೀಪಾಯಿಯ ಮೇಲೆ ಬಾಳೆಯೆಲೆಯಲ್ಲಿ ಕಟ್ಟಿದ ಮಲ್ಲಿಗೆಯ ಅಟ್ಟಿ ಇತ್ತು. ಊರಿನಿಂದ ಬಸ್ಸಿಗೆ ಹಾಕಿಸಿ ತರಿಸಿದ್ದು. ಒಳಬಾಗಿಲ ಹತ್ತಿರ ನಿಕಿತಾ ನಿಂತಿದ್ದಳು, ಮುಖದಲ್ಲಿ ರಕ್ತವೇ ಇರಲಿಲ್ಲ.

"ಆಂಟಿ, ಇವರನ್ನು ನಾನು ಜೀವಮಾನದಲ್ಲಿ ನೋಡಿಲ್ಲ. ನಾನು ಇವರ ಹತ್ತಿರ ಆರು ತಿಂಗಳಿಂದ ಮಾತಾಡ್ತಿದ್ದೇನಂತೆ."

ಸುಜನ್ ತಲೆಯೆತ್ತಿ ಅವಳನ್ನು ನೋಡಿದ. ಏನೋ ಹೇಳಲು ಹೊರಟ, ಬರಲಿಲ್ಲ. ಕೊನೆಗೆ ಫೋನು ತೆರೆದು ಉಮಕ್ಕನ ಕೈಗೆ ಕೊಟ್ಟ.

ಫೋಟೋ ನಿಕಿತಾಳದೇ. ಅಣ್ಣನ ಮದುವೆಯಲ್ಲಿ ಹಳದಿ ಸೀರೆಯಲ್ಲಿ ತೆಗೆದದ್ದು. ಹುಟ್ಟಿದ ದಿನ, ನಕ್ಷತ್ರ, ತಾಯಿಯ ಮನೆ, ಓದಿದ ಕಾಲೇಜು, ಎಲ್ಲ ಸರಿ. ಉಮಕ್ಕ ಬೆರಳಿನಿಂದ ಮೇಲೆ ಮೇಲೆ ಸರಿಸಿ ಮೊಟ್ಟಮೊದಲ ಮೆಸೇಜಿಗೆ ಹೋದಳು. ಅಲ್ಲಿ ಹೀಗಿತ್ತು: "ಉಮಕ್ಕನ ಹತ್ತಿರ ನಿಮ್ಮ ಜಾತಕ ನೋಡಿದೆ. ನಿಮಗೆ ಮಾತು ಸ್ವಲ್ಪ ತಡೆಯುತ್ತದೆ, ಅದಕ್ಕೆ ಒಳಗೊಳಗೆ ಕೊರಗುತ್ತೀರಿ ಎಂದು ಗೊತ್ತು. ನನಗೆ ಅದು ದೊಡ್ಡ ವಿಷಯವಲ್ಲ. ನೀವು ಬರೆಯಿರಿ, ನಾನು ಓದುತ್ತೇನೆ. ಉಮಕ್ಕನಿಗೆ ಮಾತ್ರ ಈಗ ಹೇಳಬೇಡಿ, ಊರೆಲ್ಲ ಸುದ್ದಿಯಾಗುತ್ತದೆ."

ಅದು ಉಮಕ್ಕನದೇ ಮಾತು. ಅವಳು ಪ್ರೀತಿಯಿಂದ ಬರೆದಿಟ್ಟ ಎರಡು ಸಾಲು. ಅದನ್ನು ಬೇರೆ ಯಾರಿಗೂ ಅವಳು ತೋರಿಸಿರಲಿಲ್ಲ, ಒಬ್ಬನಿಗೆ ಬಿಟ್ಟು. ಉಮಕ್ಕ ಅಲ್ಲೇ ಇದ್ದ ಕುರ್ಚಿಯಲ್ಲಿ ಕೂತಳು.

"ನಾನು ಕಳಿಸಿದ್ದಲ್ಲ ಮುಂಡಪ್ಪಣ್ಣ. ಆದರೆ ನನ್ನಿಂದಲೇ ಆದದ್ದು," ಎಂದು ಎಲ್ಲರೆದುರು ಹೇಳಿ, ಪೃಥ್ವಿರಾಜನ ಕಥೆಯನ್ನು ಮುಚ್ಚಿಡದೆ ಬಿಚ್ಚಿದಳು.

ಗುಲಾಬಿಗೆ ಅರ್ಥವಾಗಲು ಸ್ವಲ್ಪ ಸಮಯ ಬೇಕಾಯಿತು. "ಹಾಗಾದ್ರೆ ಹುಡುಗಿ ಇಲ್ವಾ?" ಎಂದು ಕೇಳಿದಳು. ಮತ್ತೆ ಅವಳೇ ಮುಂದುವರಿದಳು, "ಇವನು ಬೇಡ ಬೇಡ ಹೇಳಿದ. ಅವಳು ಈಗಲೇ ಬರಬೇಡಿ ಅಂದಿದ್ದಾಳೆ ಅಂತ. ನಾನೇ ಎಳಕೊಂಡು ಬಂದದ್ದು. ಗಂಡಿನ ಕಡೆಯವರು ಹೋಗಿ ಕೇಳದೆ ಅವರು ಕೊಡುವುದು ಹೇಗೆ ಅಂತ." ಮಲ್ಲಿಗೆಯನ್ನು ವಾಪಸು ಕೊಂಡುಹೋಗುವುದೋ ಅಲ್ಲೇ ಬಿಡುವುದೋ ತಿಳಿಯದೆ ಅದರ ಮೇಲೆ ಕೈಯಿಟ್ಟು ಕೂತಳು. ನಿಕಿತಾ ಒಳಗೆ ಹೋಗಿ ಒಂದು ಲೋಟ ನೀರು ತಂದು ಅವಳಿಗೆ ಕೊಟ್ಟಳು.

ಹೊರಡುವಾಗ ಮುಂಡಪ್ಪಣ್ಣ ಬಾಗಿಲಲ್ಲಿ ಉಮಕ್ಕನನ್ನು ತಡೆದರು. "ನನ್ನ ಮಗಳ ಜಾತಕ ವಾಪಸ್ ಕೊಡಿ," ಎಂದರು, ಅಷ್ಟೇ.

ಯಾವುದನ್ನು ವಾಪಸು ಕೊಡುವುದು? ಚೀಲದಲ್ಲಿದ್ದ ಕಾಲವಾಗಿದ್ದರೆ ತೆಗೆದು ಕೈಗಿಡುತ್ತಿದ್ದಳು. ಉಮಕ್ಕ ತಲೆಯಾಡಿಸಿ ಮೆಟ್ಟಿಲಿಳಿದಳು.

ಆ ರಾತ್ರಿ ಅಶ್ಮಿತಾ ಠಾಣೆಯಿಂದ ಓಡಿಬಂದಳು. ಬೈಯುತ್ತಾಳೆಂದು ಉಮಕ್ಕ ಕಾದಿದ್ದಳು. ಅವಳು ಬೈಯಲಿಲ್ಲ, ಅದೇ ಹೆಚ್ಚು ನೋವಾಯಿತು. ಎರಡು ಮೂರು ದಿನ ಬಿಟ್ಟು ಆಫೀಸಿನವರ ಸಹಾಯದಿಂದ ಆ ಫೋಲ್ಡರ್ ಎಲ್ಲಿ ಹೋಯಿತೆಂದು ಹುಡುಕಿ ಬಂದು, ಎಂದೂ ಇಲ್ಲದ್ದು, ತಾಯಿಗೆ ತಿಳಿಯಲೆಂದು ಹಿಂದಿ ಬಿಟ್ಟು ಮುರುಕು ತುಳುವಿನಲ್ಲಿ ವಿವರಿಸಿದಳು. ಇಂಟರ್ನೆಟ್ಟಿನಲ್ಲಿ ನಮಗೆ ನಿಮಗೆ ಕಾಣದ ಒಂದು ಭಾಗ ಉಂಟು, ಡಾರ್ಕ್ ವೆಬ್ ಎನ್ನುತ್ತಾರೆ, ಮುಂಬೈಯ ಚೋರ್ ಬಜಾರ್ ಹಾಗೆ. ಕದ್ದ ಮಾಲು ಅಲ್ಲಿ ಮಾರಾಟಕ್ಕೆ ಬರುತ್ತದೆ. ಉಮಕ್ಕನ ಫೋಲ್ಡರ್ ಅಲ್ಲಿ ಮಾರಾಟಕ್ಕಿದೆ. ಮೊದಲೇ ಯಾವುದೋ ಮದುವೆ ವೆಬ್‌ಸೈಟಿನಿಂದ ಸೋರಿದ ಮಾಹಿತಿಯಲ್ಲಿ ನಡಿಬೆಟ್ಟಿನವರ ಮನೆ, ಬರಿ, ಸಂಬಂಧಗಳೆಲ್ಲ ಇದ್ದಿರಬೇಕು. ಅದನ್ನು ಓದಿಕೊಂಡೇ ಆ ಪೃಥ್ವಿರಾಜ್ ಫೋನು ಮಾಡಿದ್ದು.

"ಆದರೆ ಅವನ ತುಳು..." ಎಂದಳು ಉಮಕ್ಕ.

"ತುಳು ಮಾತಾಡುವ ಕಳ್ಳ ಇರುವುದಿಲ್ಲ ಅಂತ ಯಾರು ಹೇಳಿದ್ದು ಮಮ್ಮಿ?"

"ಎಷ್ಟಾದರೂ ಆಗಲಿ. ನನ್ನ ಬಳೆ ಮಾರಿ, ಅದನ್ನು ಕೊಂಡು ತಂದುಬಿಡುವಾ."

ಅಶ್ಮಿತಾ ತಾಯಿಯ ಕೈ ಹಿಡಿದುಕೊಂಡಳು. "ಅದು ಪಾತ್ರೆ ಅಲ್ಲ ಮಮ್ಮಿ, ಒಬ್ಬರು ಕೊಂಡರೆ ಅಂಗಡಿ ಖಾಲಿಯಾಗ್ಲಿಕ್ಕೆ. ಎಷ್ಟು ಜನ ಕೊಂಡರೂ ಅಲ್ಲಿ ಹಾಗೇ ಇರ್ತದೆ. ಹೋದದ್ದು ಹೋಯ್ತು. ಇನ್ನು ಉಳಿದವರು ಹುಷಾರಾಗುವ ಹಾಗೆ ಮಾಡಬೇಕು."

ತಾಯಿ ಮಗಳು ಸುಜನನನ್ನೂ ಕರೆದುಕೊಂಡು ಪೊಲೀಸರಲ್ಲಿ ಸೈಬರ್ ದೂರು ಕೊಟ್ಟರು. ಪರೀಕ್ಷೆಯ ಫೀಸು, ತಾಯಿಯ ಆಸ್ಪತ್ರೆ ಎಂದು ನಿಕಿತಾಳ ಹೆಸರಿನಲ್ಲಿ ಬರೆದು ತನ್ನಿಂದ ಎಷ್ಟು ದುಡ್ಡು ಕಿತ್ತುಕೊಂಡರೆಂದು ಸುಜನ್ ಅಲ್ಲಿನ ಅಧಿಕಾರಿಗೆ ಮೆಲ್ಲನೆ ಹೇಳಿದ. ಉಮಕ್ಕ ಕಿವಿಗೊಡದೆ ಗೋಡೆ ನೋಡುತ್ತಾ ನಿಂತಳು. ನಿಕಿತಾಳ ಹೆಸರಿನ ಸುಳ್ಳು ಖಾತೆಯೇನೋ ಮುಚ್ಚಿತು. ಅಂಥ ಇನ್ನೆಷ್ಟು ಇವೆಯೋ ಹೇಳಲಾಗದು ಎಂದರು ಪೊಲೀಸರು.

ಆಮೇಲೆ ಉಮಕ್ಕ ಮಾಡಿದ ಕೆಲಸವನ್ನು ಬೇರೆ ಯಾರಾದರೂ ಮಾಡುತ್ತಿದ್ದರೋ ಇಲ್ಲವೋ. ಫೋಲ್ಡರಿನಲ್ಲಿದ್ದ ಒಂದೊಂದು ಮನೆಗೂ ತಾನೇ ಫೋನು ಮಾಡಿದಳು. ಅಶ್ಮಿತಾ ಹೇಳಿಕೊಟ್ಟದ್ದನ್ನು ಗಿಳಿಪಾಠದಂತೆ ಒಪ್ಪಿಸಿದಳು: ನಿಮ್ಮ ಮಗಳ ಮಾಹಿತಿ ನನ್ನ ಕೈಯಿಂದ ಸೋರಿಹೋಗಿದೆ, ತಪ್ಪು ನನ್ನದು. ಹುಟ್ಟಿದ ದಿನವನ್ನೇ ಪಾಸ್‌ವರ್ಡ್ ಮಾಡಿಟ್ಟಿದ್ದರೆ ಇವತ್ತೇ ಬದಲಿಸಿ. ಆಧಾರಿನ ಹೆಬ್ಬೆಟ್ಟಿಗೆ ಬೀಗ ಹಾಕಿಸಿ. ನಿಮ್ಮ ಹೆಸರಿನಲ್ಲಿ ಬೇರೆ ಸಿಮ್ ಇದೆಯೇ ನೋಡಿ. ಯಾರಾದರೂ ನಿಮ್ಮ ಮನೆ, ಬರಿ, ಅಜ್ಜಿಯ ಹೆಸರು ಹೇಳಿದರೂ ನಂಬಬೇಡಿ. ದುಡ್ಡು ಹೋದರೆ ಕೂಡಲೇ ಸೈಬರ್ ಸಹಾಯವಾಣಿ 1930ಕ್ಕೆ ಫೋನು ಮಾಡಿ.

ಮನೆ, ಬರಿ ಹೇಳಿದರೂ ನಂಬಬೇಡಿ ಎನ್ನುವಾಗ ಪ್ರತಿಸಲ ಅವಳು ಆ ಮಾತನ್ನು ಬೇಗ ಬೇಗ ಹೇಳಿ ಮುಗಿಸುತ್ತಿದ್ದಳು. ಜೀವಮಾನವೆಲ್ಲ ಅದನ್ನೇ ನಂಬಿ ಬದುಕಿದವಳು. ಪಾಸ್‌ವರ್ಡಾದರೆ ಬದಲಿಸಬಹುದು, ಹುಟ್ಟಿದ ಗಳಿಗೆಯನ್ನು, ತಾಯಿಯ ಮನೆಯನ್ನು ಯಾರು ಬದಲಿಸಿಯಾರು?

ಕೆಲವರು ಬಾಯಿಗೆ ಬಂದ ಹಾಗೆ ಬೈದರು. ಕೆಲವರು ಮಾತು ಮುಗಿಯುವ ಮೊದಲೇ ಫೋನಿಟ್ಟರು. "ಅಯ್ಯೋ ಬಿಡಿ ಉಮಕ್ಕ, ನಮ್ಮದೆಲ್ಲ ಯಾವಾಗಲೋ ಎಲ್ಲ ಕಡೆ ಹೋಗಿಯಾಯ್ತು," ಎಂದವರೂ ಇದ್ದರು. ಕಲ್ಯಾಣದ ಒಬ್ಬ ಅಜ್ಜಿ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಕೊನೆಗೆ, "ಅದೆಲ್ಲ ಇರಲಿ, ನನ್ನ ಮೊಮ್ಮಗನಿಗೆ ಹುಡುಗಿ ಸಿಕ್ಕಿದಳಾ?" ಎಂದು ಕೇಳಿದಳು. ಉಮಕ್ಕ ಎಷ್ಟೋ ದಿನಗಳ ನಂತರ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು.

ಫೋನು ಮಾಡಿ ಮುಗಿದ ಮೇಲೆ ಫೋಲ್ಡರನ್ನು ಮಗಳ ಎದುರೇ ಅಳಿಸಿದಳು. ಹಳೆಯ ಜಾತಕದ ಕಾಗದಗಳನ್ನು ಆಯಾ ಮನೆಗಳಿಗೆ ಮುಟ್ಟಿಸಿದಳು. ಹೊಸ ಜಾತಕ ಅವಳ ಹತ್ತಿರ ಯಾರೂ ತರಲಿಲ್ಲ. ಸಂಘದ ಪೂಜೆಗೆ ಹೋದರೆ ಹೆಣ್ಣು ಹೆತ್ತವರು ಮಾತನ್ನು ಹವೆಯ ಕಡೆಗೋ ಟ್ರೇನಿನ ಕಡೆಗೋ ತಿರುಗಿಸಿಬಿಡುತ್ತಿದ್ದರು. ನಿಕಿತಾಳ ಮದುವೆ ಠಾಣೆಯ ಒಂದು ಮದುವೆ ಹಾಲ್‌ನಲ್ಲಿ ಚೆನ್ನಾಗಿಯೇ ಆಯಿತು. ರಂಜನ್ ಒಳ್ಳೆಯ ಹುಡುಗ, ಹುಡುಗಿಯ ಬೆನ್ನಿಗೆ ನಿಂತ. ಉಮಕ್ಕನಿಗೆ ಕರೆಯೋಲೆ ಬರಲಿಲ್ಲ. ತಾನು ಕೂಡಿಸಿದ ಜೋಡಿಯ ಫೋಟೋವನ್ನು ಅವಳು ಬೇರೆ ಯಾರದೋ ಸ್ಟೇಟಸ್ಸಿನಲ್ಲಿ ನೋಡಿದಳು.

ಅದೆಲ್ಲವನ್ನೂ ಅವಳು ನುಂಗಿಕೊಂಡಾಳು. ನುಂಗಲಾಗದೆ ಉಳಿದದ್ದು ಸುಜನ್. ಪಾಸ್‌ವರ್ಡು ಬದಲಿಸಿದ, ಬ್ಯಾಂಕಿನಲ್ಲಿ ಹೇಳಿದ, ಎಲ್ಲ ಮಾಡಿದ; ಫೋನಿನ ನಂಬರು ಮಾತ್ರ ಬದಲಿಸಲಿಲ್ಲ. ಅಶ್ಮಿತಾ ಮತ್ತೆ ಮತ್ತೆ ಎಚ್ಚರಿಸುತ್ತಿದ್ದಳು. ಒಮ್ಮೆ ನಂಬಿ ದುಡ್ಡು ಕೊಟ್ಟವರ ನಂಬರಿಗೆ ಆ ಬಜಾರಿನಲ್ಲಿ ಬೆಲೆ ಜಾಸ್ತಿ. ಅವರು ಮತ್ತೆ ಬಂದೇ ಬರುತ್ತಾರೆ, ಈ ಸಲ ಅವನನ್ನು ಪೂರ್ತಿ ಮುಗಿಸಿಬಿಡುತ್ತಾರೆ. ಗುಲಾಬಿಯೂ ಅತ್ತಳು, "ರಾತ್ರಿಯೆಲ್ಲ ಫೋನು ನೋಡ್ತಾ ಕೂತಿರ್ತಾನೆ, ನೀವೇ ಬಂದು ಹೇಳಿ." ಒಂದು ಮಧ್ಯಾಹ್ನ ಉಮಕ್ಕ ಶಹಾಡಿಗೆ ಹೋದಳು.

ಊಟದ ಗದ್ದಲ ಮುಗಿದು ಹುಡುಗರು ಮೇಜು ಒರೆಸುತ್ತಿದ್ದರು. ಸುಜನ್ ಗಲ್ಲೆಯಿಂದ ಎದ್ದು ಬಂದು ಅವಳನ್ನು ಫ್ಯಾನಿನ ಕೆಳಗೆ ಕೂರಿಸಿ, ಚಾ ಮತ್ತು ಬಿಸಿ ಬನ್ಸ್ ತರಿಸಿದ. ಅವಳ ಮೇಲೆ ಅವನಿಗೆ ಸಿಟ್ಟೇ ಇರಲಿಲ್ಲ. ಇದ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

"ನಂಬರ್ ಬದಲಿಸು ಮಗ. ಅವರು ಮತ್ತೆ ಬರ್ತಾರೆ."

"ಬಂದಾಯ್ತು ಉಮಕ್ಕ," ಎಂದು ಅವನು ಫೋನನ್ನು ಅವಳ ಮುಂದಿಟ್ಟ. ಹೊಸ ನಂಬರಿನಿಂದ ಬಂದಿತ್ತು: "ಫೋಟೋ ನನ್ನದಲ್ಲ, ಹೆಸರೂ ನನ್ನದಲ್ಲ. ನಾನು ಚಂದ ಇಲ್ಲ, ಅದಕ್ಕೇ ಹೆದರಿ ಬೇರೆಯವಳ ಫೋಟೋ ಹಾಕಿದೆ. ಆದರೆ ಇಷ್ಟು ದಿನ ನಿಮ್ಮ ಹತ್ತಿರ ಮಾತಾಡಿದ್ದು ನಾನೇ. ಅದು ಸುಳ್ಳಲ್ಲ. ಊಟ ಆಯಿತಾ?"

ಉಮಕ್ಕನಿಗೆ ಮೈಯೆಲ್ಲ ಉರಿಯಿತು. "ಇದೂ ಅವರೇ! ಹಾಳಾಗಿಹೋಗಲಿ ಅವರ ಮನೆ. ಕೊಟ್ಟು ಸಾಕಾಗ್ಲಿಲ್ವಾ ನಿನಗೆ? ಇದು ಹೆಣ್ಣೂ ಅಲ್ಲ, ಎಂತದೂ ಅಲ್ಲ. ಯಾರೋ ಗಂಡಸು ಎಲ್ಲೋ ಕೂತು ಬರೀತಿದ್ದಾನೆ."

"ಗೊತ್ತುಂಟು."

"ಗೊತ್ತಿದ್ದೂ ಇಟ್ಟುಕೊಂಡಿದ್ದೀಯಾ?"

ಸುಜನ್ ಮೇಜಿನ ಮೇಲಿದ್ದ ನೀರಿನ ಹನಿಯನ್ನು ಬೆರಳಿನಿಂದ ಒರೆಸಿದ. "ನನ್ನ ಮಾತು ಕೇಳ್ಲಿಕ್ಕೆ ಯಾರಿಗೂ ಪುರುಸೊತ್ತಿರಲಿಲ್ಲ ಉಮಕ್ಕ. ಅದ್... ಅದ್ರಲ್ಲಿ ನಾನು ಎಲ್ಲ ಹೇಳಿದ್ದೆ. ಅಪ್ಪ ತೀರಿಹೋದ ದಿನದ್ದು, ಇಲ್ಲಿ ಹೋಟೆಲಿನದ್ದು, ಎಲ್ಲ. ಅವಳು... ಅದು ಯಾರೇ ಇರಲಿ, ಓದಿ ಉತ್ತರ ಬರೀತಿತ್ತು." ಅವಳ ಮುಖ ನೋಡಿ ಹೇಳಿದ, "ನೀವು ಒಬ್ಬ ಹುಡುಗಿಯ ಹೆಸರು ಹೇಳಿ. ಯಾರಾದರೂ. ಹೇಳಿ, ನಿಮ್ಮ ಎದುರೇ ಇದನ್ನು ಅಳಿಸ್ತೇನೆ, ಸಿಮ್ ಮುರಿದು ಬಿಸಾಡ್ತೇನೆ."

ಉಮಕ್ಕ ಬಾಯಿ ತೆರೆದಳು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹತ್ತು ಹೆಸರು ಹೇಳುತ್ತಿದ್ದ ಹೆಂಗಸು. ಮನಸ್ಸಿನಲ್ಲೇ ಡೊಂಬಿವಲಿ ತಿರುಗಿದಳು, ಠಾಣೆ ತಿರುಗಿದಳು, ಕೋಪರಖೈರಣೆಯ ಮೆಟ್ಟಿಲುಗಳನ್ನೆಲ್ಲ ಹತ್ತಿ ಇಳಿದಳು. ಅವಳ ಮಾತಿನ ಮೇಲೆ ಹೆಣ್ಣು ಕೊಡುವ ಒಂದು ಮನೆಯೂ ಇನ್ನು ಇರಲಿಲ್ಲ. ಸುಜನ್ ಕಾದ. ಸುಮ್ಮನೆ ಕೇಳಿದ್ದಲ್ಲ, ಅವಳು ಒಂದು ಹೆಸರು ಹೇಳುತ್ತಾಳೆಂದು ನಿಜವಾಗಿಯೂ ಕಾದ.

"ಹುಡುಕ್ತೇನೆ ಮಗ, ಸ್ವಲ್ಪ ಸಮಯ ಕೊಡು," ಎಂದಳು ಕೊನೆಗೆ. ಆ ಮಾತು ಎಷ್ಟು ಟೊಳ್ಳೆಂದು ಅವಳಿಗೇ ಕೇಳಿಸಿತು.

"ಆಯ್ತು ಉಮಕ್ಕ. ಚಾ ಆರ್ತದೆ, ಕುಡೀರಿ," ಎಂದು ಅವನು ಫೋನು ಎತ್ತಿಕೊಂಡು ಗಲ್ಲೆಗೆ ಹೋದ.

ಪಾರ್ಸೆಲಿಗೆ ಬಂದ ಒಬ್ಬನಿಗೆ ಚಿಲ್ಲರೆ ಕೊಟ್ಟ. ಅವನು ಹೋದ ಮೇಲೆ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಬರೆಯತೊಡಗಿದ. ಬರೆಯುತ್ತಾ ಬರೆಯುತ್ತಾ ಅವನ ಮುಖ ಸಡಿಲವಾಯಿತು, ತುಟಿಯಲ್ಲಿ ಸಣ್ಣ ನಗುವೊಂದು ಬಂತು. ಉಮಕ್ಕ ಅದನ್ನು ನೋಡುತ್ತಾ ಅಲ್ಲೇ ಕೂತು ಅತ್ತಳು. ಎದ್ದು ಹೋಗಿ ಆ ಫೋನನ್ನು ಅವನ ಕೈಯಿಂದ ಕಿತ್ತುಕೊಳ್ಳುವ ಧೈರ್ಯ ಅವಳಿಗೆ ಬರಲಿಲ್ಲ.